ವಿಶ್ವ ‘ಚಪ್ಪಟೆ’ ಅಂದರೆ ಭೂಮಿ ಚಪ್ಪಟೆ ಅಲ್ಲ

ರಾಯಚೂರಿನ ನಮ್ಮ ಗುಂಪಿಗೆ ಆ ಮೆಸೇಜ್ ಮತ್ತೆ ಬಂದಿದೆ: ವಿಶ್ವ ಚಪ್ಪಟೆ ಎಂದು ವಿಜ್ಞಾನಿಗಳೇ ಒಪ್ಪಿದ್ದಾರೆ, ಹಾಗಾಗಿ ಭೂಮಿಯೂ ಚಪ್ಪಟೆ. ಎರಡನೇ ಮಾತು ತಪ್ಪು. ಗೊಂದಲ ಸಹಜ, ಪದ ಒಂದೇ ಅಲ್ವಾ.

ಇಲ್ಲಿ ಚಪ್ಪಟೆ ಅಂದರೆ ರೊಟ್ಟಿಯ ಆಕಾರವಲ್ಲ, ಕೋನಗಳ ಲೆಕ್ಕ. ದುಂಡನೆಯ ಕಲ್ಲಂಗಡಿ ತಗೊಳ್ಳಿ. ತೊಟ್ಟಿನಿಂದ ನಡುವಿಗೆ ಗೆರೆ, ನಡುವಲ್ಲಿ ಕಾಲು ಸುತ್ತು, ಮತ್ತೆ ತೊಟ್ಟಿಗೆ. ಮೂರು ಕೋನ ಸೇರಿ 270 ಡಿಗ್ರಿ! ಸ್ಲೇಟಿನ ಮೇಲೆ 180 ಮಾತ್ರ. ವಿಶ್ವಕ್ಕೆ, ಆಕಾಶದ ಎಲ್ಲ ಕಡೆಯಿಂದ ಬರುವ ಸುಮಾರು 1,380 ಕೋಟಿ ವರ್ಷ ಹಳೆಯ ಬೆಳಕಿನಲ್ಲಿನ ಕಲೆಗಳೇ ಅಳತೆಗೋಲು. ವಿಶ್ವದ ಜಾಗವೇ ಕಲ್ಲಂಗಡಿಯಂತೆ ಬಾಗಿದ್ದರೆ ಅವು ಲೆಕ್ಕಕ್ಕಿಂತ ದೊಡ್ಡದಾಗಿಯೋ ಚಿಕ್ಕದಾಗಿಯೋ ಕಾಣುತ್ತಿದ್ದವು. ಕಂಡದ್ದು ಲೆಕ್ಕದಂತೆಯೇ, ಸುಮಾರು 1 ಡಿಗ್ರಿ: ಎರಡು ಹುಣ್ಣಿಮೆ ಚಂದ್ರರಷ್ಟು ಅಗಲ. ಅಂದರೆ ಅಳತೆಯ ಮಟ್ಟಿಗೆ ಜಾಗ ಬಾಗಿಲ್ಲ, ಕೋನಗಳ ಲೆಕ್ಕ ಸ್ಲೇಟಿನದ್ದೇ; ವಿಜ್ಞಾನಿಗಳು ಚಪ್ಪಟೆ ಅನ್ನೋದು ಇದನ್ನೇ.

ಇಂಥ ಮೆಸೇಜ್ ಬಂದರೆ, ಮೂಲ ವಾಕ್ಯ ಯಾವುದರ ಬಗ್ಗೆ ಎಂದು ಹುಡುಕಿ. ಭೂಮಿಯ ಆಕಾರಕ್ಕೆ, ಚಂದ್ರಗ್ರಹಣದ ರಾತ್ರಿ ಮಾಳಿಗೆ ಹತ್ತಿ. ಚಂದ್ರನ ಮೇಲಿನ ನಮ್ಮ ನೆರಳಿನ ಅಂಚು ಪ್ರತಿ ಸಲವೂ ದುಂಡಗೇ ಕಾಣುತ್ತದೆ.