ತೆಗೆದ ತುಣುಕನ್ನು ಲ್ಯಾಬಿಗೆ ಕಳಿಸಿ

ನನ್ನ ಅಣ್ಣನ ಕಣ್ಣಿನಲ್ಲಿ, ಕರಿಗುಡ್ಡೆಯ ಅಂಚಿಗೆ, ಸಣ್ಣದೊಂದು ಮಾಂಸ ಬೆಳೆದಿತ್ತು. ನೋವಿಲ್ಲ, ದೃಷ್ಟಿ ಚೆನ್ನಾಗಿತ್ತು, ಸ್ವಲ್ಪ ಕೆಂಪು ಅಷ್ಟೇ. ಟೆರಿಜಿಯಂ, ಅಂದರೆ ಕ್ಯಾನ್ಸರ್ ಅಲ್ಲದ ಮಾಂಸದ ಬೆಳವಣಿಗೆ ಎಂದು ತೆಗೆದರು. ತೆಗೆದದ್ದನ್ನು ಲ್ಯಾಬಿಗೆ ಕಳಿಸಲಿಲ್ಲ. ನಾವೂ ಕೇಳಲಿಲ್ಲ. ಕೆಲವೇ ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಬೆಳೆಯಿತು. ಈ ಸಲ ಬಯಾಪ್ಸಿ, ಅಂದರೆ ತುಣುಕನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿದರು. ಕಣ್ಣಿನ ಮೇಲ್ಪದರದ ಸ್ಕ್ವಾಮಸ್ ಕ್ಯಾನ್ಸರ್ ಎಂದು ಬಂತು.

ಟೆರಿಜಿಯಂ ಮತ್ತು ಈ ಕ್ಯಾನ್ಸರ್ ಎರಡನ್ನೂ ಬರೀ ಕಣ್ಣಲ್ಲಿ ನೋಡಿ ಬೇರೆ ಮಾಡುವುದು ಕಷ್ಟ. ಎರಡಕ್ಕೂ ಬಿಸಿಲಿನ ಅಲ್ಟ್ರಾವಯಲೆಟ್ ಕಿರಣವೇ ದೊಡ್ಡ ಕಾರಣ. ಎರಡೂ ಹೆಚ್ಚಾಗಿ ರೆಪ್ಪೆ ಮುಚ್ಚದೆ ಬಿಟ್ಟ ಜಾಗದಲ್ಲೇ, ಬಿಳಿಭಾಗ ಮತ್ತು ಕಾರ್ನಿಯಾ (ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ) ಸೇರುವ ಗಡಿಯಲ್ಲೇ ಹುಟ್ಟುತ್ತವೆ. ಕೆಲವೊಮ್ಮೆ ಟೆರಿಜಿಯಂ ಒಳಗೇ ಕ್ಯಾನ್ಸರ್ ಅಡಗಿರುತ್ತದೆ. ಹಾಗಿರುವಾಗ ತೆಗೆದ ತುಣುಕನ್ನು ಸುಮ್ನೆ ಎಸೆಯುವುದು ತಪ್ಪು ಎಂದೇ ನಾನು ಹೇಳುತ್ತೇನೆ.

ಅಣ್ಣನಿಗೆ ಆಗ 36 ವರ್ಷ. ಎರಡನೇ ಡಾಕ್ಟರು ವಯಸ್ಸು ಕೇಳಿದವರೇ ಎಚ್‌ಐವಿ ಪರೀಕ್ಷೆ ಬರೆದುಕೊಟ್ಟರು. ಮನೆಯಲ್ಲಿ ಎಲ್ಲರ ಮುಖ ಸಪ್ಪೆಯಾಯಿತು. ನನಗಂತೂ ಸಿಟ್ಟೇ ಬಂತು. ಓದಿದ ಮೇಲೆ ಆ ಡಾಕ್ಟರ ಬಗ್ಗೆ ಗೌರವ ಜಾಸ್ತಿಯಾಯಿತು.

ಬಿಳಿ ಚರ್ಮದವರು ಹೆಚ್ಚಿರುವ ದೇಶಗಳಲ್ಲಿ ಈ ಕಣ್ಣಿನ ಕ್ಯಾನ್ಸರ್ ಸಾಮಾನ್ಯವಾಗಿ 60 ದಾಟಿದ, ಬಿಸಿಲಲ್ಲಿ ದುಡಿದ ಗಂಡಸರಿಗೆ ಬರುವ ಕಾಯಿಲೆ. ಆದರೆ ಉಗಾಂಡಾ, ಮಲಾವಿಯಂಥ ಆಫ್ರಿಕಾದ ದೇಶಗಳಲ್ಲಿ ಎಚ್‌ಐವಿ ಹರಡಿದ ಮೇಲೆ ಚಿತ್ರವೇ ಬದಲಾಯಿತು. ಅಲ್ಲಿ 30ರ ಆಸುಪಾಸಿನವರಿಗೂ ಬರುತ್ತದೆ, ಹೆಂಗಸರಿಗೂ ಅಷ್ಟೇ ಬರುತ್ತದೆ, ಬೇಗ ಬೆಳೆಯುತ್ತದೆ. ಎಷ್ಟೋ ಜನರಿಗೆ ತಮ್ಮಲ್ಲಿ ಎಚ್‌ಐವಿ ಇದೆ ಎಂದು ಗೊತ್ತಾಗಿದ್ದೇ ಈ ಕಣ್ಣಿನ ಗಂಟಿನಿಂದ. ಅಂಗಾಂಗ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರಿಗೂ ಅಪಾಯ ಹೆಚ್ಚು. ಬಿಸಿಲು ಹಾಳು ಮಾಡಿದ್ದನ್ನು ದೇಹ ಸರಿಮಾಡಲಾಗದ ಕ್ಸೆರೋಡರ್ಮಾ ಪಿಗ್ಮೆಂಟೋಸಮ್ ಎಂಬ ಹುಟ್ಟು ಕಾಯಿಲೆ ಇದ್ದರೆ ಮಕ್ಕಳಿಗೂ ಬರುತ್ತದೆ. ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್‌ನ ಪಾಲು ಇದರಲ್ಲಿ ಎಷ್ಟು ಎಂಬ ಬಗ್ಗೆ ಮಾತ್ರ ತಜ್ಞರಲ್ಲೇ ಒಮ್ಮತವಿಲ್ಲ.

ಅಂದರೆ ವಯಸ್ಸು ಚಿಕ್ಕದಾದಷ್ಟೂ ಡಾಕ್ಟರು ಹೆಚ್ಚು ಕೇಳಬೇಕು. ಆ ಪರೀಕ್ಷೆ ನಡತೆಯ ಮೇಲಿನ ಅನುಮಾನವಲ್ಲ, ಚಿಕಿತ್ಸೆಯ ಭಾಗ. ಅವಮಾನ ಎಂದುಕೊಂಡು ತಪ್ಪಿಸಿಕೊಂಡರೆ ನಷ್ಟ ಯಾರಿಗೆ? ನಮಗೇ ಅಲ್ವಾ? ಅಣ್ಣನ ರಿಪೋರ್ಟ್ ಏನು ಬಂತು ಎಂದು ಇಲ್ಲಿ ಬರೆಯುವುದಿಲ್ಲ. ಅದು ಅವನ ವಿಷಯ.

ಬೇಗ ಸಿಕ್ಕರೆ ಚಿಕಿತ್ಸೆ ಇದೆ. ಸುತ್ತಲಿನ ಸ್ವಲ್ಪ ಒಳ್ಳೆಯ ಭಾಗವನ್ನೂ ಸೇರಿಸಿ ತೆಗೆದು, ಅಂಚನ್ನು ಅತಿ ತಣ್ಣಗಿನ ಉಪಕರಣದಿಂದ ಹೆಪ್ಪುಗಟ್ಟಿಸುತ್ತಾರೆ. ಇಂಟರ್‌ಫೆರಾನ್, ಮೈಟೋಮೈಸಿನ್‌ನಂಥ ಔಷಧಿಗಳನ್ನು ಹನಿಯಾಗಿಯೂ ಹಾಕುತ್ತಾರೆ. ತಡವಾಗಿ ಒಳಗೆ ಇಳಿದರೆ ಕಣ್ಣನ್ನೇ ತೆಗೆಯಬೇಕಾಗಬಹುದು.

ಅಣ್ಣನ ಕಣ್ಣು ಉಳಿದಿದೆ. ಮತ್ತೆ ಬರಬಹುದೆಂದು ಈಗಲೂ ತಪ್ಪದೆ ಚೆಕಪ್‌ಗೆ ಹೋಗುತ್ತಾನೆ. ಬಯಾಪ್ಸಿ ರಿಪೋರ್ಟ್ ಫೈಲಿನ ಮೊದಲ ಹಾಳೆಯಾಗಿ ಇಟ್ಟುಕೊಂಡಿದ್ದಾನೆ.