ಆ ಕತ್ತರಿ ಮಗು ಕೈಗೆ ಕೊಡ್ರಪ್ಪಾ

ನಿನ್ನೆಯಿಂದ ಒಂದೇ ವಿಷ್ಯ ತಲೇಲಿ ಕೊರೀತಿದೆ, ಬರೆದು ಹಾಕದಿದ್ರೆ ಇವತ್ತೂ ನಿದ್ದೆ ಬರಲ್ಲ.

ತಂಗಿ ಮನೆಗೆ ಹೋಗಿದ್ದೆ. ಅವಳ ಮಗಳಿಗೀಗ ಏಳು ವರ್ಷ. ಅಜ್ಜಿಗೆ ಕೊಡಕ್ಕೆ ವಸಂತದ ಗ್ರೀಟಿಂಗ್ ಕಾರ್ಡ್ ಮಾಡ್ತಾ ಕೂತಿದ್ಲು. ಪೇಪರ್ ಹೂವು ಅಂದ್ರೆ ನಾನು ಊಟ ಬಿಟ್ಟು ಕೂರೋಳು ಅಂತ ನಿಮಗೆಲ್ಲ ಗೊತ್ತೇ ಇದೆ, ಖುಷಿಯಾಗಿ ಪಕ್ಕದಲ್ಲೇ ಕೂತೆ. ನೋಡಿದ್ರೆ ಮುಂದೆ ಒಂದು ಕಿಟ್. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 'ಹ್ಯಾಂಡ್‌ಮೇಡ್'. ಒಳಗೆ ಕಾರ್ಡು ಮಡಚಿಟ್ಟಿದೆ, ಹೂವು ಮೆಷಿನ್ನಲ್ಲಿ ಕತ್ತರಿಸಿದೆ, ಎಲೆನೂ ಕತ್ತರಿಸಿದೆ, ಹಿಂದೆ ಅಂಟೂ ಹಚ್ಚಿದೆ. ಮಗು ಹಾಳೆ ಸುಲಿದು ಒತ್ತಿದ್ರೆ ಆಯ್ತು. ಎಂಟು ನಿಮಿಷಕ್ಕೆ ಮುಗೀತು. ಮುಗಿಸಿ ನನ್ ಮುಖ ನೋಡಿ "ದೊಡ್ಡಮ್ಮಾ, ಈಗೇನ್ ಮಾಡ್ಲಿ?" ಅಂದ್ಲು. ಅವಳು ಮಾಡಿದ್ದು ಅಂತ ಆ ಕಾರ್ಡಲ್ಲಿ ಏನೂ ಇರ್ಲಿಲ್ಲ, ಅದು ಅವಳಿಗೂ ಗೊತ್ತಿತ್ತು.

ಇದನ್ಯಾಕೆ ತಂದೆ ಅಂತ ತಂಗೀನ ಕೇಳ್ದೆ. "ಅಕ್ಕಾ, ಅವಳಿಗೆ ಕತ್ತರಿಸಕ್ಕೆ ಬರಲ್ಲ ಕಣೇ. ಕ್ಲಾಸಲ್ಲೂ ಅದೇ ಕಂಪ್ಲೇಂಟು. ಪೇಪರ್ ಹರೀತಾಳೆ, ಆಮೇಲೆ ಅಳ್ತಾ ಕೂರ್ತಾಳೆ" ಅಂದ್ಲು.

ನನಗೆ ಸಿಟ್ಟು ಬಂದಿದ್ದು ಅಲ್ಲೇ. ಆ ಮಗು ಎಡಗೈ! ನನ್ನ ಹಾಗೇ. ಮನೇಲಿರೋದು ಬಲಗೈಯವರ ಕತ್ತರಿ. ಬಲಗೈಯಲ್ಲಿ ಕತ್ತರಿ ಹಿಡಿದಾಗ ಹೆಬ್ಬೆರಳು ಆಚೆ ತಳ್ಳತ್ತೆ, ಉಳಿದ ಬೆರಳು ಈಚೆ ಎಳೀತವೆ, ಆ ಒತ್ತಡಕ್ಕೆ ಎರಡು ಅಲಗೂ ಒಂದಕ್ಕೊಂದು ಉಜ್ಕೊಂಡು ಪೇಪರ್ ಕತ್ತರಿಸ್ತವೆ. ಅದೇ ಕತ್ತರಿ ಎಡಗೈಗೆ ಬಂದ್ರೆ ಅದೇ ಒತ್ತಡ ಅಲಗುಗಳನ್ನ ದೂರ ಮಾಡತ್ತೆ. ಪೇಪರ್ ಮಧ್ಯೆ ಸಿಕ್ಕಿ ಮಡಚ್ಕೊಳ್ಳತ್ತೆ, ಎಳೆದ್ರೆ ಹರಿಯತ್ತೆ. ಇನ್ನೊಂದು, ಮೇಲಿನ ಅಲಗು ಗೆರೆಗೆ ಅಡ್ಡ ಬರತ್ತೆ, ಎಲ್ಲಿ ಕತ್ತರಿಸ್ತಿದೀನಿ ಅಂತಾನೇ ಕಾಣ್ಸಲ್ಲ. ಎಡಗೈಯವರ ಕತ್ತರೀಲಿ ಅಲಗು ಉಲ್ಟಾ ಜೋಡಿಸಿರ್ತಾರೆ, ಬರೀ ಹಿಡಿ ಬದಲಾಯ್ಸಿದ್ರೆ ಸಾಲಲ್ಲ. ಇಷ್ಟೇ ವಿಷ್ಯ. ಇದಕ್ಕೆ ಒಂದು ಮಗುಗೆ 'ನಿನಗೆ ಬರಲ್ಲ' ಅನ್ನೋ ಹಣೆಪಟ್ಟಿ.

ಇಷ್ಟು ಕೋಪ ಯಾಕೆ ಅಂದ್ರೆ, ನನಗೂ ಹೀಗೇ ಆಗಿತ್ತು. ಇಲ್ಲೀತನಕ ಯಾರ ಹತ್ರನೂ ಹೇಳಿಲ್ಲ. ಎರಡನೇ ಕ್ಲಾಸಲ್ಲಿ ಎಲ್ರೂ ಪೇಪರ್ ಹೂವು ಕತ್ತರಿಸ್ತಿದ್ರೆ ನನ್ನ ಕೈಯಿಂದ ಕತ್ತರಿ ತಗೊಂಡು, ಟೀಚರೇ ಕತ್ತರಿಸಿದ ಹೂವು ಕೊಟ್ಟು 'ನೀನು ಅಂಟಿಸು' ಅಂದಿದ್ರು. ಪ್ರೀತಿಯಿಂದಲೇ ಕೊಟ್ಟಿದ್ರು, ಆದ್ರೂ ಆ ಹೂವನ್ನ ಅಂಟಿಸ್ತಾ ಕಣ್ಣಲ್ಲಿ ನೀರು ಬಂದಿದ್ದು ಇವತ್ತಿಗೂ ಮರೆತಿಲ್ಲ.

ನನ್ನ ಬ್ಯಾಗಲ್ಲಿ ನನ್ನ ಎಡಗೈ ಕತ್ತರಿ ಇದ್ದೇ ಇರತ್ತೆ. ತೆಗೆದು ಅವಳ ಕೈಗೆ ಕೊಟ್ಟು ಪಕ್ಕದಿಂದ ಏಳ್ಲೇ ಇಲ್ಲ. 250 ಜಿಎಸ್‌ಎಂ (ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗತ್ತೆ ಅನ್ನೋ ಲೆಕ್ಕ) ದಪ್ಪದ ಎ4 ಹಾಳೆ ಒಂದು ಕಾರ್ಡಿಗೆ, 80 ಜಿಎಸ್‌ಎಂ ಬಣ್ಣದ ಹಾಳೆ ಹೂವಿಗೆ. ದಪ್ಪ ಹಾಳೇನ ಹಾಗೇ ಮಡಚಿದ್ರೆ ಮಡಿಕೆ ಬಿರುಕು ಬಿಡತ್ತೆ, ಅದಕ್ಕೆ ಸ್ಕೇಲ್ ಇಟ್ಟು ಇಂಕ್ ಮುಗಿದ ಬಾಲ್ ಪೆನ್ನಲ್ಲಿ ಮೊದಲು ಒಂದು ಗೀರು ಎಳೆದ್ವಿ. ಹೂವಿಗೆ ಚೌಕದ ಹಾಳೇನ ಮೂಲೆಯಿಂದ ಮೂಲೆಗೆ ಮಡಚಿ, ಇನ್ನೊಂದ್ಸಲ, ಮತ್ತೊಂದ್ಸಲ, ಒಟ್ಟು ಮೂರು ಸಲ, ಮೇಲ್ಗಡೆ ಎಸಳಿನ ಥರ ದುಂಡಗೆ ಕತ್ತರಿಸಿದ್ರೆ ಬಿಚ್ಚಿದಾಗ ಎಂಟೆಸಳು. ಅವಳು ಎರಡೂ ಪಕ್ಕದ ಮಡಿಕೇನ ಚೂಪು ತುದಿವರೆಗೂ ಕತ್ತರಿಸ್ಕೊಂಡು ಹೋಗಿಬಿಟ್ಲು. ಬಿಚ್ಚಿದ್ರೆ ಹೂವೇ ಇಲ್ಲ, ಎಂಟು ಬಿಡಿ ಎಸಳು ಮಡಿಲಿಗೆ ಉದುರಿದ್ವು. ಅಳ್ತಾಳೆ ಅನ್ಕೊಂಡೆ. ಅಳ್ಲಿಲ್ಲ, ಯಾಕಂದ್ರೆ ಕತ್ತರಿ ಚೆನ್ನಾಗಿ ಓಡಿತ್ತು! ನಾಲಿಗೆ ತುದಿ ಹಲ್ಲಲ್ಲಿ ಕಚ್ಕೊಂಡು ಇನ್ನೊಂದು ಹಾಳೆ ಮಡಚಿದ್ಲು. ಕತ್ತರಿ ತಿರುಗಿಸ್ಬೇಡ, ಪೇಪರ್ ತಿರುಗಿಸು ಅಂತ ಒಂದೇ ಮಾತು ಹೇಳ್ದೆ. ಎರಡನೇದು ಹೂವಾಯ್ತು. ಎಸಳು ಒಂಚೂರು ಸೊಟ್ಟ, ಆದ್ರೆ ಹೂವು.

ಆಮೇಲೆ ಒಂದೆಸಳು ತೆಗೆದು ಅಕ್ಕಪಕ್ಕದ ಎರಡನ್ನ ಒಂದರ ಮೇಲೊಂದು ಅಂಟಿಸಿದ್ವಿ, ಹೂವಿಗೆ ಬಟ್ಟಲಿನ ಆಕಾರ ಬಂತು. ಉಳಿದವನ್ನ ಪೆನ್ಸಿಲ್‌ಗೆ ಸುತ್ತಿ ಬಿಟ್ರೆ ತುದಿ ಹಿಂದಕ್ಕೆ ಬಾಗತ್ತೆ. ಗಮ್ ಮಾತ್ರ ನಡುವೆ ಒಂದೇ ಚುಕ್ಕಿ, ಪೂರ್ತಿ ಬಳಿದ್ರೆ ಗಮ್ಮಿನ ನೀರು ಕುಡಿದು ಪೇಪರ್ ಅಲೆ ಅಲೆ ಆಗತ್ತೆ, ಎಸಳು ಮೇಲಕ್ಕೇಳೋದೂ ಇಲ್ಲ.

ಕಿಟ್ಟಾದ್ರೆ ನೀಟಾಗಿ ಬರತ್ತೆ, ಟೈಮ್ ಉಳಿಯತ್ತೆ, ಕತ್ತರಿ ಅಪಾಯ ಅಂತೀರಿ. ಪಕ್ಕದಲ್ಲಿ ಒಬ್ರು ಕೂತ್ರೆ, ತುದಿ ದುಂಡಗಿರೋ ಕತ್ತರಿ ಕೊಟ್ರೆ ಅಪಾಯದ ಮಾತು ಮುಗೀತು. ನೀಟು ಯಾರಿಗೆ ಬೇಕಾಗಿತ್ತು ಹೇಳಿ? ಅಜ್ಜಿ ಕೇಳಿದ್ರಾ? ಇನ್ನು ಟೈಮು, ನಮಗೆ ಹಿಡಿದಿದ್ದು ಒಂದೂವರೆ ಗಂಟೆ, ಅಷ್ಟು ಹೊತ್ತೂ ಆ ಮಗು ಒಂದ್ಸಲಾನೂ 'ಈಗೇನ್ ಮಾಡ್ಲಿ' ಅನ್ಲಿಲ್ಲ.

ಕತ್ತರಿಸೋದು ಸಣ್ಣ ಕೆಲಸ, ಮಗು ಅಂಟಿಸಿದ್ರೆ ಸಾಕು ಅನ್ನೋರಿಗೆ ಮೇರಿ ಡೆಲಾನಿ ಬಗ್ಗೆ ಹೇಳ್ಬೇಕು. 1700ರಲ್ಲಿ ಹುಟ್ಟಿದ ಇಂಗ್ಲಿಷ್ ಹೆಂಗಸು. 72 ವರ್ಷ ವಯಸ್ಸಿನ ಹೊತ್ತಿಗೆ ಒಂದಿನ ಜೆರೇನಿಯಂ ಹೂವಿನ ಬಣ್ಣಕ್ಕೂ ಪಕ್ಕದಲ್ಲಿದ್ದ ಕೆಂಪು ಪೇಪರಿಗೂ ಹೊಂದ್ತಾ ಇದೆಯಲ್ಲ ಅನ್ನಿಸಿ ಕತ್ತರಿ ತಗೊಂಡ್ರು. ಎಸಳು ಕತ್ತರಿಸಿ ಇಟ್ಟಿದ್ದನ್ನ ನೋಡಿ ಗೆಳತಿ ನಿಜವಾದ ಹೂವಿನ ಎಸಳೇ ಅನ್ಕೊಂಡ್ರಂತೆ. ಅಲ್ಲಿಂದ ಸುಮಾರು ಹತ್ತು ವರ್ಷ, ಕಣ್ಣು ಮಂಜಾಗೋವರೆಗೂ, ಕಪ್ಪು ಹಿನ್ನೆಲೆ ಮೇಲೆ ಸಾವಿರಕ್ಕೆ ಸ್ವಲ್ಪ ಕಮ್ಮಿ ಪೇಪರ್ ಹೂವು, ಕೆಲವಕ್ಕೆ ನೂರಾರು ತುಂಡು. ಅವು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಹೂವನ್ನ ಅಷ್ಟು ಹತ್ತಿರದಿಂದ ನೋಡಿದ್ರು, ಕತ್ತರಿಸ್ಬೇಕಾಗಿತ್ತಲ್ಲ ಅದಕ್ಕೆ! ರೆಡಿ ಎಸಳು ಅಂಟಿಸೋ ಮಗುಗೆ ಎಸಳಿನ ಅಂಚು ಹೇಗಿರತ್ತೆ ಅಂತ ನೋಡೋ ಅಗತ್ಯಾನೇ ಬರಲ್ಲ.

ಹೂವೆಲ್ಲ ಅಂಟಿಸಿ ಆದ್ಮೇಲೆ ಅವಳು ಮಡಿಲಲ್ಲಿದ್ದ ಆ ಎಂಟು ಬಿಡಿ ಎಸಳನ್ನ ಹೆಕ್ಕಿ ಕಾರ್ಡಿನ ಕೆಳಗಡೆ ಅಲ್ಲೊಂದು ಇಲ್ಲೊಂದು ಅಂಟಿಸಿದ್ಲು. ಇದೇನೇ ಅಂದ್ರೆ, "ಗಾಳಿ ಬಂತಲ್ಲ ದೊಡ್ಡಮ್ಮಾ, ಬಿದ್ದಿದ್ದು" ಅಂದ್ಲು.

ಹೂವು ಎತ್ತರ ಆಗಿ ಕಾರ್ಡು ಕವರಿಗೆ ಹಿಡೀಲಿಲ್ಲ. ಎರಡೂ ಕೈಯಲ್ಲಿ ಹಿಡ್ಕೊಂಡೇ ಹೋಗಿ ಅಜ್ಜಿಗೆ ಕೊಟ್ಲು. ಅಮ್ಮ ಕನ್ನಡಕ ಹಾಕ್ಕೊಂಡು ಆ ಬಿದ್ದ ಎಸಳುಗಳ ಮೇಲೆ ಬೆರಳಾಡಿಸ್ತಾ ತುಂಬಾ ಹೊತ್ತು ನೋಡ್ತಾನೇ ಇದ್ರು. ಕತ್ತರಿ ಅವಳ ಹತ್ರಾನೇ ಬಿಟ್ಟು ಬಂದಿದೀನಿ.