ಹೊಸಬರಿಗೆ ಕುರ್ಚಿ ಎಲ್ಲಿದೆ?

ಇಂದು ನಮ್ಮ ಶಾಲೆಯ ಹೊಸ ವರ್ಷ ಆರಂಭವಾಯಿತು. ಮನೆಗೆ ಬಂದು ಮೂರು ಗಂಟೆ ಕಳೆದರೂ ಮನಸ್ಸಿನ ಕಾವು ಇಳಿದಿಲ್ಲ. ಆದ್ದರಿಂದ ಮಲಗುವ ಮೊದಲು ಇದನ್ನು ಬರೆದುಬಿಡಬೇಕೆಂದು ಕುಳಿತಿದ್ದೇನೆ. ಇಪ್ಪತ್ತಾರು ವರ್ಷಗಳಿಂದ ಗಣಿತ ಕಲಿಸುತ್ತಿರುವ ನನ್ನ ಸ್ವಭಾವವನ್ನು ಬಲ್ಲ ಸ್ನೇಹಿತರಿಗೆ ನಾನು ಸುಲಭವಾಗಿ ಸಿಟ್ಟಾಗುವವಳಲ್ಲ ಎಂದು ಗೊತ್ತಿದೆ. ಇಂದು ಸಿಟ್ಟಾಗಿದ್ದೇನೆ.

ಸ್ವಾಗತ ಸಮಾರಂಭ ಒಂದು ಮುಕ್ಕಾಲು ಗಂಟೆ ನಡೆಯಿತು. ವೇದಿಕೆ, ಬ್ಯಾನರ್, ಬಲೂನು, ಧ್ವನಿವರ್ಧಕ ಎಲ್ಲವೂ ಇದ್ದವು, ಐದು ಭಾಷಣಗಳೂ ಆದವು. ಆ ಐವರಲ್ಲಿ ಒಬ್ಬರಾದರೂ ಈ ವರ್ಷ ಹೊಸದಾಗಿ ಬಂದ ಒಬ್ಬರ ಹೆಸರನ್ನು ಹೇಳಲಿಲ್ಲ. ನಾಲ್ವರು ಶಿಕ್ಷಕರು, ಒಬ್ಬ ಗ್ರಂಥಪಾಲಕರು, ಕಚೇರಿಗೆ ಒಬ್ಬ ಗುಮಾಸ್ತರು ಮತ್ತು ಚಿಕ್ಕ ಮಕ್ಕಳ ತರಗತಿಗೆ ಒಬ್ಬ ಆಯಾ ಬಂದಿದ್ದಾರೆ. ಅವರಲ್ಲಿ ಶಿಕ್ಷಕರನ್ನು ಮಾತ್ರ ವೇದಿಕೆಗೆ ಕರೆದು, ಸಾಲಾಗಿ ನಿಲ್ಲಿಸಿ, "ಇವರು ನಮ್ಮ ಹೊಸ ಸಿಬ್ಬಂದಿ" ಎಂದು ಹೇಳಿ, ಚಪ್ಪಾಳೆ ಹೊಡೆಸಿ ಕೆಳಗಿಳಿಸಿದರು. ಉಳಿದ ಮೂವರಿಗೆ ಆ ಚಪ್ಪಾಳೆಯೂ ಸಿಗಲಿಲ್ಲ. ಹೊಸದಾಗಿ ಸೇರಿದ ಮಕ್ಕಳು ಅಷ್ಟು ಹೊತ್ತೂ ಹಿಂದಿನ ಸಾಲುಗಳಲ್ಲಿ ಕುಳಿತಿದ್ದರು, ಏಕೆಂದರೆ ಮುಂದಿನ ಸಾಲುಗಳನ್ನು ಅತಿಥಿಗಳಿಗೆ ಕಾಯ್ದಿರಿಸಲಾಗಿತ್ತು.

ನನ್ನನ್ನು ಕೆರಳಿಸಿದ್ದು ಸಮಾರಂಭದ ನಂತರ ಕಂಡದ್ದು. ವಿರಾಮದ ವೇಳೆಗೆ ಹೊಸ ವಿಜ್ಞಾನ ಶಿಕ್ಷಕಿ ಸ್ಟಾಫ್ ರೂಮಿಗೆ ಬಂದರು. ಆ ಕೋಣೆಯಲ್ಲಿ ಪ್ರತಿ ಕುರ್ಚಿಗೂ ಒಬ್ಬ ಯಜಮಾನರಿದ್ದಾರೆ, ಪ್ರತಿ ಕಪಾಟಿಗೂ ಒಂದು ಬೀಗವಿದೆ. ಯಾವುದು ಯಾರದೆಂದು ಎಲ್ಲಿಯೂ ಬರೆದಿಲ್ಲ, ಆದರೆ ಹಳಬರೆಲ್ಲರಿಗೂ ಗೊತ್ತು. ಆಕೆ ಒಂದು ಕುರ್ಚಿಯ ಬಳಿ ಹೋದರು. "ಅಲ್ಲಿ ಒಬ್ಬರು ಕೂರುತ್ತಾರೆ ಮೇಡಂ" ಎಂದು ಯಾರೋ ಹೇಳಿದರು. ಇನ್ನೊಂದರ ಬಳಿ ಹೋದಾಗಲೂ ಅದೇ ಮಾತು ಬಂತು. ಕೊನೆಗೆ ಹೆಗಲಿನ ಚೀಲವನ್ನೂ ಇಳಿಸದೆ ಕಿಟಕಿಯ ಪಕ್ಕದಲ್ಲಿ, ವಿರಾಮ ಮುಗಿಯುವವರೆಗೂ ನಿಂತೇ ಇದ್ದರು. ಒಂದು ಮುಕ್ಕಾಲು ಗಂಟೆಯ ಸ್ವಾಗತ ಪಡೆದ ವ್ಯಕ್ತಿಗೆ ಆ ಕಟ್ಟಡದಲ್ಲಿ ಕೂರಲು ಒಂದು ಕುರ್ಚಿ ಇರಲಿಲ್ಲ.

ಅವರ ಕೈಯಲ್ಲಿದ್ದದ್ದು ಒಂದೇ ಹಾಳೆ, ವೇಳಾಪಟ್ಟಿ. ದಿನದ ಎಂಟು ಪೀರಿಯಡ್‌ಗಳಲ್ಲಿ ಏಳು ಅವರ ಪಾಲಿಗೆ ಬಂದಿದ್ದವು. ಯಾವ ತರಗತಿಗಳನ್ನು ಕೊಟ್ಟಿದ್ದಾರೆಂದು ನೋಡಿದೆ. ಕಳೆದ ವರ್ಷ ನಾವೆಲ್ಲರೂ "ನನಗೆ ಬೇಡ" ಎಂದು ಕೈಬಿಟ್ಟ ವಿಭಾಗಗಳೇ ಅಲ್ಲಿದ್ದವು. ಬೇರೆ ಯಾವ ವೃತ್ತಿಯಲ್ಲಿ ಹೀಗೆ ಮಾಡುತ್ತಾರೆ? ಹೊಸ ಚಾಲಕನಿಗೆ ಮೊದಲ ದಿನವೇ ಅತ್ಯಂತ ಕಠಿಣವಾದ ಘಾಟಿಯ ದಾರಿಯನ್ನು, ಅದೂ ಒಬ್ಬಂಟಿಯಾಗಿ ಯಾರೂ ಒಪ್ಪಿಸುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿಯೇ ಶಿಕ್ಷಕ ವೃತ್ತಿಯ ಈ ವಿಚಿತ್ರವನ್ನು ಗುರುತಿಸಿದ್ದರು. ಇತರ ಕಸುಬುಗಳಲ್ಲಿ ಹೊಸಬನ ಹೊಣೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಶಿಕ್ಷಕನಾದವನು ಮಾತ್ರ ಮೊದಲ ದಿನವೇ ಇಪ್ಪತ್ತು ವರ್ಷ ಅನುಭವವಿರುವವರ ಸಂಪೂರ್ಣ ಹೊಣೆಯನ್ನು ಹೊರಬೇಕಾಗುತ್ತದೆ. ಅದಾಗಿ ಅರ್ಧ ಶತಮಾನವೇ ಕಳೆದಿದೆ. ಇಂದು ಬೆಳಿಗ್ಗೆ ಆ ಹಾಳೆಯನ್ನು ನೋಡಿದಾಗ ನಾವು ಒಂದು ಹೆಜ್ಜೆಯನ್ನೂ ಇಟ್ಟಿಲ್ಲವೆಂದು ನನಗೆ ಅನ್ನಿಸಿತು.

ಇದು ನನ್ನೊಬ್ಬಳ ಭಾವುಕತೆಯೆಂದು ಯಾರಾದರೂ ಹೇಳುವ ಮೊದಲೇ ಒಂದು ಮಾತು. ಡಚ್ ಸಂಶೋಧಕ ಸೈಮನ್ ವೇನ್‌ಮನ್ 1984ರಲ್ಲಿ, ಹೊಸ ಶಿಕ್ಷಕರ ಕಷ್ಟಗಳ ಕುರಿತಾದ 83 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ತರಗತಿಯ ಶಿಸ್ತು ಆ ಕಷ್ಟಗಳಲ್ಲಿ ಮೊದಲನೆಯದಾಗಿತ್ತು. ಅಂದರೆ ಹೊಸಬರು ಎಲ್ಲಿ ಎಡವುತ್ತಾರೆಂಬುದು ನಮಗೆ ನಲವತ್ತು ವರ್ಷಗಳಿಂದ ಗೊತ್ತು. ಗೊತ್ತಿದ್ದೂ ಅತ್ಯಂತ ಗದ್ದಲದ ತರಗತಿಯನ್ನೇ ಅವರಿಗೆ ಕೊಟ್ಟು, ಮೂರು ತಿಂಗಳ ನಂತರ "ಅವರಿಗೆ ತರಗತಿ ಹಿಡಿತಕ್ಕೆ ಬರುತ್ತಿಲ್ಲ" ಎಂದು ತೀರ್ಪು ಕೊಡುತ್ತೇವೆ. ಇದನ್ನು ನಾನು ಅನ್ಯಾಯವೆಂದು ಕರೆಯುತ್ತೇನೆ. ಇದಕ್ಕಿಂತ ಮೃದುವಾದ ಪದ ನನಗೆ ಹೊಳೆಯುತ್ತಿಲ್ಲ.

ಮಕ್ಕಳ ಕಥೆಯೂ ಬೇರೆಯೇನಲ್ಲ. ಆರನೆಯ ತರಗತಿಗೆ ಬೇರೆ ಶಾಲೆಯಿಂದ ಬಂದ ಒಬ್ಬ ಹುಡುಗ ಮೂರನೆಯ ಪೀರಿಯಡ್‌ನಲ್ಲಿ ಬೆಂಚಿನ ತುದಿಯಲ್ಲಿ ಕುಳಿತು ಕಾಲುಗಳನ್ನು ಒಂದಕ್ಕೊಂದು ಒತ್ತಿಕೊಂಡು ಚಡಪಡಿಸುತ್ತಿದ್ದ. ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. ಬೆಳಿಗ್ಗೆಯಿಂದ ಅವನಿಗೆ ಶೌಚಾಲಯ ಎಲ್ಲಿದೆಯೆಂದು ಗೊತ್ತಿರಲಿಲ್ಲ, ಕೇಳಲು ನಾಚಿಕೆಯಾಗಿತ್ತು. ಆ ಐದು ಭಾಷಣಗಳಲ್ಲಿ ಶಿಸ್ತು, ಗುರಿ, ಪರಿಶ್ರಮ, ಉಜ್ವಲ ಭವಿಷ್ಯ ಎಲ್ಲವೂ ಬಂದಿದ್ದವು. ಶೌಚಾಲಯ ಎಲ್ಲಿದೆ, ಕುಡಿಯುವ ನೀರು ಎಲ್ಲಿದೆ, ಹೊಟ್ಟೆನೋವು ಬಂದರೆ ಯಾರಿಗೆ ಹೇಳಬೇಕು, ಸಂಜೆ ಮನೆಯವರು ಬರುವುದು ತಡವಾದರೆ ಎಲ್ಲಿ ಕಾಯಬೇಕು ಎಂಬ ನಾಲ್ಕು ಮಾತುಗಳು ಬರಲಿಲ್ಲ. ಹೊಸ ಮಗುವಿನ ಮೊದಲ ದಿನದ ಹೆದರಿಕೆಯೆಲ್ಲ ಈ ನಾಲ್ಕು ಪ್ರಶ್ನೆಗಳಲ್ಲಿಯೇ ಇರುತ್ತದೆ. ಆ ಹುಡುಗನನ್ನು ಅದೇ ತರಗತಿಯ ಇನ್ನೊಬ್ಬ ಹುಡುಗನ ಜೊತೆ ಕಳುಹಿಸಿದೆ. ಹಿಂದಿರುಗಿ ಬರುವಾಗ ಇಬ್ಬರೂ ಏನೋ ಮಾತನಾಡುತ್ತಾ ಬಂದರು. ಇಡೀ ದಿನದಲ್ಲಿ ನಾನು ಕಂಡ ನಿಜವಾದ ಸ್ವಾಗತವೆಂದರೆ ಅದೊಂದೇ.

ಹೆಸರಿನ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ಅದು ಮನಸ್ಸಿನಿಂದ ಹೋಗುತ್ತಿಲ್ಲ. ಹಾಜರಿ ತೆಗೆದುಕೊಳ್ಳುವಾಗ ಹೊಸ ಮಗುವಿನ ಹೆಸರನ್ನು ತಪ್ಪಾಗಿ ಓದಿ, ಮಗು ಸಣ್ಣ ದನಿಯಲ್ಲಿ ತಿದ್ದಿದರೂ ಕಿವಿಗೆ ಹಾಕಿಕೊಳ್ಳದೆ ಮುಂದಿನ ಹೆಸರಿಗೆ ಹೋಗುವವರನ್ನು ಪ್ರತಿ ವರ್ಷ ನೋಡುತ್ತೇನೆ. ಆ ಮಗು ವರ್ಷವಿಡೀ ತನ್ನದಲ್ಲದ ಹೆಸರಿಗೆ "ಹಾಜರ್" ಎನ್ನುತ್ತದೆ. ಬಾಗಿಲಲ್ಲಿ ನಿಂತು ಪ್ರತಿಯೊಂದು ಮಗುವನ್ನೂ ಹೆಸರು ಹಿಡಿದು ಮಾತನಾಡಿಸಿ ಒಳಗೆ ಕರೆದುಕೊಳ್ಳಲು ಎಷ್ಟು ಸಮಯ ಬೇಕು? ಐದು ನಿಮಿಷವೂ ಬೇಕಿಲ್ಲ. ಅಮೆರಿಕದ ಮಾಧ್ಯಮಿಕ ಶಾಲೆಗಳ 10 ತರಗತಿಗಳ 203 ಮಕ್ಕಳನ್ನು ಒಳಗೊಂಡ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಶಿಕ್ಷಕರು ಹಾಗೆ ಬಾಗಿಲಲ್ಲಿ ನಿಂತು ಬರಮಾಡಿಕೊಂಡ ತರಗತಿಗಳಲ್ಲಿ ಮಕ್ಕಳು ಪಾಠದಲ್ಲಿ ತೊಡಗಿರುವ ಸಮಯ ಶೇಕಡಾವಾರು ಲೆಕ್ಕದಲ್ಲಿ 20 ಅಂಶಗಳಷ್ಟು ಹೆಚ್ಚಿತು, ಪಾಠಕ್ಕೆ ಅಡ್ಡಿಪಡಿಸುವ ವರ್ತನೆ 9 ಅಂಶಗಳಷ್ಟು ತಗ್ಗಿತು. ಅದಕ್ಕೆ ಬಲೂನು ಬೇಕಿರಲಿಲ್ಲ, ಅತಿಥಿಗಳೂ ಬೇಕಿರಲಿಲ್ಲ.

ಇದೆಲ್ಲವನ್ನೂ ಮಧ್ಯಾಹ್ನ ಒಬ್ಬ ಹಿರಿಯ ಸಹೋದ್ಯೋಗಿಯ ಮುಂದೆ ಹೇಳಿದೆ. ಅವರ ಉತ್ತರ ನಾನು ನಿರೀಕ್ಷಿಸಿದ್ದೇ ಆಗಿತ್ತು: "ನಮ್ಮನ್ನು ಯಾರು ಕೈಹಿಡಿದು ನಡೆಸಿದರು ಮೇಡಂ? ನೀರಿಗೆ ಬಿದ್ದೆವು, ಈಜು ಕಲಿತೆವು." ಅವರ ಮೇಲೆ ನನಗೆ ಗೌರವವಿದೆ, ಅವರು ಒಳ್ಳೆಯ ಶಿಕ್ಷಕರೂ ಹೌದು. ಆದರೆ ಈ ಮಾತನ್ನು ಹೇಳುತ್ತಿರುವವರು ದಡ ಸೇರಿದವರು ಮಾತ್ರ. ಮುಳುಗಿದವರು ಸ್ಟಾಫ್ ರೂಮಿನಲ್ಲಿ ಕುಳಿತು ತಮ್ಮ ಕಥೆ ಹೇಳುವುದಿಲ್ಲ, ಅವರು ವೃತ್ತಿಯನ್ನೇ ಬಿಟ್ಟು ಹೋಗಿರುತ್ತಾರೆ. ಜಗತ್ತಿನ ಪ್ರಾಥಮಿಕ ಶಾಲೆಗಳಲ್ಲಿ ವೃತ್ತಿ ಬಿಡುತ್ತಿರುವ ಶಿಕ್ಷಕರ ಪ್ರಮಾಣ 2015ರಲ್ಲಿ ಶೇಕಡ 4.6ರಷ್ಟಿದ್ದದ್ದು 2022ರ ವೇಳೆಗೆ ಶೇಕಡ 9ರ ಆಸುಪಾಸಿಗೆ ಏರಿತೆಂದು ಯುನೆಸ್ಕೋ ಲೆಕ್ಕ ಹಾಕಿದೆ. 2030ರೊಳಗೆ ಪ್ರಾಥಮಿಕ ಮತ್ತು ಪ್ರೌಢ ಹಂತಗಳಿಗೆ ಒಟ್ಟು 4 ಕೋಟಿ 40 ಲಕ್ಷ ಹೊಸ ಶಿಕ್ಷಕರು ಬೇಕೆಂದೂ ಅದೇ ಸಂಸ್ಥೆ ಹೇಳುತ್ತದೆ. ಎಲ್ಲರೂ ಸ್ವಾಗತ ಸರಿಯಿಲ್ಲವೆಂದೇ ಬಿಡುತ್ತಾರೆಂದು ನಾನು ಹೇಳುತ್ತಿಲ್ಲ. ಸಂಬಳ, ಕೆಲಸದ ಹೊರೆ, ಗೌರವದ ಕೊರತೆ, ಕಾರಣಗಳು ಅನೇಕ ಇವೆ. ಆದರೆ ಅಷ್ಟೊಂದು ಜನರ ಕೊರತೆಯಿರುವಾಗ, ಬಂದ ಒಬ್ಬರನ್ನು ಮೊದಲ ದಿನವೇ ಕಿಟಕಿಯ ಪಕ್ಕ ನಿಲ್ಲಿಸುವ ಧೈರ್ಯ ನಮಗೆ ಎಲ್ಲಿಂದ ಬರುತ್ತದೆ?

"ವರ್ಷಾರಂಭದಲ್ಲಿ ಸಮಯವೆಲ್ಲಿದೆ?" ಎಂಬುದು ಇನ್ನೊಂದು ವಾದ. ದಾಖಲಾತಿ, ಪುಸ್ತಕ ವಿತರಣೆ, ವೇಳಾಪಟ್ಟಿ, ಪೋಷಕರ ಸಾಲು, ಎಲ್ಲವೂ ನನಗೂ ಗೊತ್ತು. ಆದರೆ ಬ್ಯಾನರ್ ಕಟ್ಟಲು, ನೃತ್ಯ ಅಭ್ಯಾಸ ಮಾಡಿಸಲು ಒಂದು ವಾರ ಸಿಕ್ಕಿದ ಶಾಲೆಗೆ ಏಳು ಜನರನ್ನು ಕರೆದುಕೊಂಡು ಕಟ್ಟಡ ತೋರಿಸಲು ಅರ್ಧ ಗಂಟೆ ಸಿಗಲಿಲ್ಲವೆಂದರೆ ನಾನು ಒಪ್ಪುವುದಿಲ್ಲ.

ಹೊಸ ಶಿಕ್ಷಕರಿಗೆ ಏನು ಬೇಕೆಂಬುದು ಗುಟ್ಟೂ ಅಲ್ಲ, ಹೊಸದೂ ಅಲ್ಲ. 1966ರ ಅಕ್ಟೋಬರ್ 5ರಂದು ಯುನೆಸ್ಕೋ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಆಶ್ರಯದಲ್ಲಿ ಶಿಕ್ಷಕರ ಸ್ಥಾನಮಾನದ ಕುರಿತ ಶಿಫಾರಸು ಅಂಗೀಕಾರವಾಯಿತು. ವಿಶ್ವ ಶಿಕ್ಷಕರ ದಿನವನ್ನು ಆಚರಿಸುವುದು ಆ ದಿನದ ನೆನಪಿಗಾಗಿಯೇ. ಪರೀಕ್ಷಾರ್ಥ ಅವಧಿಯೆಂದರೆ ಹೊಸಬರನ್ನು ಪ್ರೋತ್ಸಾಹಿಸಿ, ನೆರವಿನೊಂದಿಗೆ ವೃತ್ತಿಯೊಳಗೆ ಕರೆದುಕೊಳ್ಳುವ ಅವಕಾಶವೆಂದು ಶಿಕ್ಷಕರೂ ಆಡಳಿತದವರೂ ತಿಳಿಯಬೇಕೆಂಬ ಆಶಯ ಅದರಲ್ಲಿ ಸ್ಪಷ್ಟವಾಗಿದೆ. ನಾವು ಆ ಅವಧಿಯನ್ನು ತಪ್ಪು ಹುಡುಕುವ ಕಾಲವನ್ನಾಗಿ ಮಾಡಿಕೊಂಡಿದ್ದೇವೆ. ಅಮೆರಿಕದ ಥಾಮಸ್ ಸ್ಮಿತ್ ಮತ್ತು ರಿಚರ್ಡ್ ಇಂಗರ್‌ಸಾಲ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸಬರನ್ನು ವೃತ್ತಿಯಲ್ಲಿ ಉಳಿಸಲು ಹೆಚ್ಚು ನೆರವಾದದ್ದು ಎರಡು ಸರಳ ಸಂಗತಿಗಳು: ತಮ್ಮದೇ ವಿಷಯ ಕಲಿಸುವ ಒಬ್ಬ ಹಿರಿಯ ಮಾರ್ಗದರ್ಶಕರು, ಮತ್ತು ಅದೇ ವಿಷಯದ ಇತರ ಶಿಕ್ಷಕರೊಂದಿಗೆ ಕುಳಿತು ಪಾಠ ಯೋಜಿಸಲು ವೇಳಾಪಟ್ಟಿಯಲ್ಲಿಯೇ ಒಂದಿಷ್ಟು ಸಮಯ. ನಮ್ಮಲ್ಲಿ ಹತ್ತೊಂಬತ್ತು ವರ್ಷ ಅನುಭವವಿರುವ ವಿಜ್ಞಾನ ಶಿಕ್ಷಕರಿದ್ದಾರೆ. ಇಂದು ಅವರು ಆ ಹೊಸ ಶಿಕ್ಷಕಿಯಿಂದ ನಾಲ್ಕು ಅಡಿ ದೂರದಲ್ಲಿ ಕುಳಿತಿದ್ದರು.

ನಾನೂ ಕುಳಿತಿದ್ದೆ. ಇದನ್ನು ಬರೆಯದೆ ಮುಂದೆ ಹೋದರೆ ಈ ಬರಹವೇ ಸುಳ್ಳಾಗುತ್ತದೆ. ಮೊದಲ ಹತ್ತು ನಿಮಿಷ ನಾನು ಹೊಸ ಹಾಜರಿ ಪುಸ್ತಕದಲ್ಲಿ ಹೆಸರುಗಳನ್ನು ಬರೆಯುತ್ತಾ, ಯಾರಾದರೂ ಅವರಿಗೆ ಜಾಗ ಕೊಡುತ್ತಾರೆಂದು ಭಾವಿಸಿ ಸುಮ್ಮನಿದ್ದೆ. ಹನ್ನೊಂದು ವರ್ಷಗಳ ಹಿಂದೆ ಕೂಡ ಹೀಗೆಯೇ ಸುಮ್ಮನಿದ್ದೆ. ಆಗ ಒಬ್ಬ ಯುವ ಗಣಿತ ಶಿಕ್ಷಕರು ಬಂದಿದ್ದರು, ನನ್ನದೇ ವಿಷಯದವರು. ಅವರ ತರಗತಿಯ ಗದ್ದಲ ಗೋಡೆಯಾಚೆಯಿಂದ ನನ್ನ ತರಗತಿಗೆ ಕೇಳಿಸುತ್ತಿತ್ತು. ಗದ್ದಲ ಕೇಳಿದಾಗಲೆಲ್ಲ ನಾನು ಬೇಸರಪಟ್ಟುಕೊಂಡೆ, ಒಮ್ಮೆ ದೂರನ್ನೂ ಕೊಟ್ಟೆ. ಒಂದು ದಿನವೂ ಹೋಗಿ "ಹೇಗಿದೆ? ಏನಾದರೂ ಬೇಕೇ?" ಎಂದು ಕೇಳಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಅವರು ರಾಜೀನಾಮೆ ಕೊಟ್ಟರು. ಹೋಗುವ ದಿನ ನನ್ನ ಬಳಿ ಬಂದು, ಭಿನ್ನರಾಶಿಯನ್ನು ಮಕ್ಕಳಿಗೆ ನಾನು ಹೇಗೆ ಕಲಿಸುತ್ತೇನೆಂದು ನೋಡಬೇಕೆಂಬ ಆಸೆಯಿತ್ತು, ಕೇಳಲು ಸಂಕೋಚವಾಯಿತು ಎಂದರು. ಆ ಮಾತನ್ನು ನಾನು ಮರೆತಿಲ್ಲ. ಇಂದಿನ ಸಿಟ್ಟಿನಲ್ಲಿ ಬಹುಪಾಲು ನನ್ನ ಮೇಲಿನದೇ.

ಹೊಸಬರಲ್ಲಿ ಪ್ರತಿಯೊಬ್ಬರೂ ಮೊದಲ ವಾರಗಳಲ್ಲಿ "ಇಲ್ಲಿಗೆ ನಾನು ಸೇರಿದವನಲ್ಲ" ಎಂದುಕೊಳ್ಳುತ್ತಾರೆ, ಹಾಗೆ ಅನ್ನಿಸುತ್ತಿರುವುದು ತನಗೊಬ್ಬನಿಗೇ ಎಂದೂ ನಂಬುತ್ತಾರೆ. ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಸುಮಾರು ಒಂದು ಗಂಟೆಯ ಕಲಾಪವನ್ನು ಮಾಡಿಸಿ, ಅದರ ಫಲಿತಾಂಶವನ್ನು 2011ರಲ್ಲಿ ಪ್ರಕಟಿಸಿದರು. ಈ ಹೆದರಿಕೆ ಎಲ್ಲರಿಗೂ ಇರುತ್ತದೆ, ಕಾಲಕ್ರಮದಲ್ಲಿ ಕಡಿಮೆಯಾಗುತ್ತದೆ ಎಂಬ ಹಿರಿಯ ವಿದ್ಯಾರ್ಥಿಗಳ ಅನುಭವಗಳನ್ನು ಓದಿಸಿ, ಅದರ ಬಗ್ಗೆ ಬರೆಯಿಸಿದರು. ಮುಂದಿನ ಮೂರು ವರ್ಷಗಳಲ್ಲಿ ಕಪ್ಪು ವಿದ್ಯಾರ್ಥಿಗಳ ಅಂಕಗಳು ಏರುತ್ತಾ ಹೋಗಿ, ಬಿಳಿಯ ಸಹಪಾಠಿಗಳೊಂದಿಗಿನ ಅಂತರ ಅರ್ಧಕ್ಕೆ ಇಳಿಯಿತು. ಒಂದು ಗಂಟೆಯ ಪ್ರಾಮಾಣಿಕ ಮಾತು ಅಷ್ಟು ಮಾಡಬಲ್ಲದು. ವೇದಿಕೆಯ ಮೇಲೆ ಯಾರಾದರೂ ಒಬ್ಬರು "ನನ್ನ ಮೊದಲ ದಿನ ನನಗೂ ಅಳು ಬಂದಿತ್ತು, ಶೌಚಾಲಯ ಎಲ್ಲಿದೆಯೆಂದು ನನಗೂ ಗೊತ್ತಿರಲಿಲ್ಲ" ಎಂದು ಹೇಳಿದ್ದರೆ, ಹಿಂದಿನ ಸಾಲಿನಲ್ಲಿ ಕುಳಿತ ಆ ಹುಡುಗ ಬಹುಶಃ ಕೈ ಎತ್ತಿ ಕೇಳುತ್ತಿದ್ದ.

ಸಂಜೆ ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡರು, ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷದವರೆಗೆ ಕಾಯಲು ನನ್ನಿಂದಾಗದು. ನನ್ನ ಕಪಾಟಿನ ಕೆಳಗಿನ ಖಾನೆಯನ್ನು ಖಾಲಿ ಮಾಡಿದ್ದೇನೆ, ಅದರ ಇನ್ನೊಂದು ಬೀಗದ ಕೈ ನನ್ನ ಚೀಲದಲ್ಲಿದೆ. ಸಂಗೀತದ ಕೋಣೆಯಲ್ಲಿ ಬಳಕೆಯಿಲ್ಲದೆ ಬಿದ್ದಿದ್ದ ಒಂದು ಕುರ್ಚಿಯನ್ನು ಒರೆಸಿ ತಂದು, ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿಯ ಪಕ್ಕ ಇಟ್ಟು ಬಂದಿದ್ದೇನೆ. ನಾಳೆ ಐದನೆಯ ಪೀರಿಯಡ್ ಆ ಶಿಕ್ಷಕಿಗೆ ಬಿಡುವು, ಅವರ ದಿನದ ಏಕೈಕ ಬಿಡುವು. ನನಗೂ ಅದೇ ಪೀರಿಯಡ್ ಬಿಡುವಿದೆ. ಆಯಾ ಮತ್ತು ಗುಮಾಸ್ತರ ಹೆಸರುಗಳನ್ನು ಇಂದು ಹೊರಡುವ ಮೊದಲೇ ಕೇಳಿ ಬರೆದುಕೊಂಡೆ. ಗ್ರಂಥಪಾಲಕರು ಅಷ್ಟರಲ್ಲಿ ಹೊರಟುಹೋಗಿದ್ದರು, ಅವರನ್ನು ಬೆಳಿಗ್ಗೆ ಗೇಟಿನಲ್ಲಿಯೇ ಹಿಡಿಯಬೇಕು.